ಊರಾಗಿ ಉಳಿದ ಕ್ಯಾಂಪ್

ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತ ಬಸ್ಸಿನಲ್ಲಿ ತಿರುಗುವವರಿಗೆ ಒಂದು ಇಂಗ್ಲಿಷ್ ಪದ ಮತ್ತೆಮತ್ತೆ ಎದುರಾಗುತ್ತದೆ: ಗೊರೇಬಾಳ ಕ್ಯಾಂಪ್, ಪಗಡದಿನ್ನಿ ಕ್ಯಾಂಪ್, ಆರ್.ಎಚ್. ಕ್ಯಾಂಪ್. ಡೇರೆ ಹಾಕಿ, ನಾಲ್ಕು ದಿನ ಇದ್ದು, ಕಿತ್ತುಕೊಂಡು ಹೋಗುವ ಜಾಗಕ್ಕೆ ಇರುವ ಹೆಸರದು. ಇಲ್ಲಿ ಅದು ಗುಡಿ, ಶಾಲೆ, ಹೊಲಮನೆಗಳಿರುವ, ಮೊಮ್ಮಕ್ಕಳನ್ನು ಕಂಡ ಊರುಗಳ ಹೆಸರಾಗಿದೆ.

ಪದದ ಬೇರು ಲ್ಯಾಟಿನ್ನಿನ ‘ಕಾಂಪುಸ್’. ಹಾಗೆಂದರೆ ಬಯಲು, ಹೊಲ. ರೋಮ್ ನಗರದ ‘ಕಾಂಪುಸ್ ಮಾರ್ಟಿಯುಸ್’ ಎಂಬ ಬಯಲಲ್ಲಿ ಸೈನಿಕರು ಕವಾಯತು ಮಾಡುತ್ತಿದ್ದರು. ದಂಡು ಇಳಿಯುವುದೂ ಬಯಲಲ್ಲೇ ಆದ್ದರಿಂದ ಅರ್ಥ ನೆಲದಿಂದ ಬಿಡಾರಕ್ಕೆ ಜರುಗಿತು; 16ನೇ ಶತಮಾನದಲ್ಲಿ ಪದ ಫ್ರೆಂಚ್ ಮೂಲಕ ಇಂಗ್ಲಿಷ್ ಸೇರಿತು. ಕ್ಯಾಂಪಸ್, ಚಾಂಪಿಯನ್, ಕ್ಯಾಂಪೇನ್ ಎಲ್ಲವೂ ಅದರ ದಾಯಾದಿಗಳೇ. ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದ 4ನೇ ಅಂಕ ತೆರೆಯುವುದು ಕಾಳಗದ ಹಿಂದಿನ ರಾತ್ರಿ ಎದುರುಬದುರಾಗಿ ಎಚ್ಚತ್ತಿರುವ ಎರಡು ಕ್ಯಾಂಪುಗಳ ವರ್ಣನೆಯಿಂದ. ನಮ್ಮ ಕುಮಾರವ್ಯಾಸನಿಗೆ ಅಂಥ ಕಡೆ ‘ಪಾಳೆಯ’ ಎಂಬ ಮಾತಿತ್ತು.

ಕನ್ನಡದಲ್ಲಿ ಇದಕ್ಕಿಂತ ಹಳೆಯದು ‘ಬೀಡು’. ಅರಸ ದಂಡು ಸಮೇತ ತಂಗಿದ ತಾಣವನ್ನು ಚಾಲುಕ್ಯ ಶಾಸನಗಳು ‘ನೆಲೆವೀಡು’ ಎನ್ನುತ್ತವೆ. ಆ ಪದವೂ ಊರಿನ ಹೆಸರೊಳಗೆ ಸೇರಿಹೋಯಿತು; ಹೊಯ್ಸಳರ ದೋರಸಮುದ್ರವನ್ನು ನಾವಿಂದು ಕರೆಯುವುದೇ ಹಳೇಬೀಡು ಎಂದು. ಸಿಂಧನೂರಿನ ಪಕ್ಕದ ಲಿಂಗಸುಗೂರು ಸ್ವತಃ ಛಾವಣಿಯಾಗಿತ್ತು. ಹೈದರಾಬಾದ್ ಕಂಟಿಂಜೆಂಟಿನ ಪಡೆ ಅಲ್ಲಿತ್ತು. 1858ರಲ್ಲಿ ಸುರಪುರದ ಅರಸ ವೆಂಕಟಪ್ಪ ನಾಯಕನ ಮೇಲೆ ಆ ಪಡೆ ಹೊರಟದ್ದೂ ಅಲ್ಲಿಂದಲೇ.

ಸಿಂಧನೂರಿನ ಕ್ಯಾಂಪುಗಳ ಹಿಂದೆ ಕತ್ತಿಯಿಲ್ಲ, ನೀರಿದೆ. ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು; 1953ರ ಹೊತ್ತಿಗೆ ಕಾಲುವೆಗೆ ನೀರು ಹರಿಯತೊಡಗಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆನೆಲಕ್ಕೆ ಎಡದಂಡೆ ನಾಲೆ ಬಂದದ್ದೇ ತಡ, ಭತ್ತದ ಗದ್ದೆ ಬಲ್ಲ ಕರಾವಳಿ ಆಂಧ್ರದ ರೈತರು ಬಂದು ನೆಲ ಕೊಂಡರು. ಹಳೆಯ ಊರಿನಿಂದ ದೂರ, ತಮ್ಮ ಹೊಲದ ನಡುವೆಯೇ ಗುಡಿಸಲು ಹಾಕಿದರು. ಅದನ್ನು ಜನ ಕ್ಯಾಂಪ್ ಎಂದರು, ಅಲ್ಲಿಯವರನ್ನು ಕ್ಯಾಂಪಿನವರು. ಗುಡಿಸಲು ಹೋಗಿ ತಾರಸಿ ಬಂದರೂ ಹೆಸರು ಕದಲಲಿಲ್ಲ. ಬಯಲು ಎಂದು ಹುಟ್ಟಿದ ಪದ ದಂಡು, ಡೇರೆಗಳನ್ನೆಲ್ಲ ಸುತ್ತಿ, ಮಸ್ಕಿ–ಸಿಂಧನೂರು ಸೀಮೆಯಲ್ಲಿ ಪುನಃ ಗದ್ದೆಗೆ ಇಳಿದದ್ದು ಭಾಷೆಯ ಚರಿತ್ರೆಯಲ್ಲಿ ನಿಜಕ್ಕೂ ಅಪರೂಪ.

ಆರ್.ಎಚ್., ಅಂದರೆ ರಿಹ್ಯಾಬಿಲಿಟೇಶನ್ (ಪುನರ್ವಸತಿ) ಕ್ಯಾಂಪುಗಳ ಕಥೆ ಬೇರೆ, ಹೆಚ್ಚು ನೋವಿನದು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಹಿಂದೂಗಳಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಬರ್ಮಾದಿಂದ ಮರಳಿದವರಿಗೂ ಇಲ್ಲೇ ಜಾಗ ಸಿಕ್ಕಿತು. ಕ್ಯಾಂಪುಗಳಿಗೆ ಹೆಸರಿಗಿಂತ ಸಂಖ್ಯೆಯೇ ಗುರುತಾಯಿತು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಇಲ್ಲಿಯ ಐವರಿಗೆ ಭಾರತದ ಪೌರತ್ವ ಸಿಕ್ಕಿತು. ಇದೇ ನೆಲದಲ್ಲಿ ದುಡಿದು ಮುದುಕರಾದವರಿಗೆ ಆ ಕಾಗದ ಬಹಳ ತಡವಾಗಿ ಬಂತು. ಇನ್ನೂ ಕಾಯುತ್ತಿರುವ ಅಕ್ಕಪಕ್ಕದ ಮನೆಯವರಿಗೆ ಅಷ್ಟು ತಡವಾಗಬಾರದು.