ಬರ್ಲಿನ್ ಪಾಸ್: ತಗೊಳ್ಬೇಕಾ, ಬೇಡ್ವಾ?

ಬೇಸಿಗೆ ಇಂಟರ್ನ್‌ಶಿಪ್‌ಗೆ ಅಂತ ಜರ್ಮನಿಗೆ ಹೋಗೋ ಸೀನಿಯರ್‌ಗಳೆಲ್ಲ ಒಂದು ವೀಕೆಂಡ್ ಸಿಕ್ಕರೆ ಸಾಕು, ಬರ್ಲಿನ್‌ಗೆ ಓಡ್ತಾರೆ. ಹೋಗೋ ಮೊದಲು ಗ್ರೂಪ್‌ನಲ್ಲಿ ಬರೋ ಪ್ರಶ್ನೆ ಒಂದೇ: "ಟೂರಿಸ್ಟ್ ಪಾಸ್ ತಗೊಂಡ್ರೆ ದುಡ್ಡು ಉಳಿಯುತ್ತಾ?" ಸ್ಟೈಪೆಂಡ್‌ನಲ್ಲಿ ಬಾಡಿಗೆ, ಊಟ ಎರಡೂ ಆಗಬೇಕಾದಾಗ ಇದು ಸಣ್ಣ ಪ್ರಶ್ನೆ ಅಲ್ಲ. ನಾವ್ಯಾರೂ ಬರ್ಲಿನ್ ನೋಡಿಲ್ಲ, ಮೊದಲೇ ಹೇಳಿಬಿಡ್ತೀವಿ. ಹೋಗಿಬಂದವರನ್ನ ಕಾಡಿ ಕೇಳಿ, ಕೂತು ಲೆಕ್ಕ ಹಾಕಿದ್ದೀವಿ.

ಮೊದಲು ಓಡಾಟ. ಬರ್ಲಿನ್‌ನಲ್ಲಿ ಎ, ಬಿ, ಸಿ ಅಂತ ಮೂರು ವಲಯ. ವರ್ತುಲ ರೈಲಿನ ಒಳಗಿರೋದು ಎ, ಅಲ್ಲಿಂದ ನಗರದ ಗಡಿವರೆಗೆ ಬಿ, ಆಚೆಯದು ಸಿ. ನೋಡೋ ಜಾಗ ಬಹುತೇಕ ಎ-ಬಿ ಒಳಗೇ ಇವೆ. ಆದರೆ ವಿಮಾನ ನಿಲ್ದಾಣ ಮತ್ತು ಪಾಟ್ಸ್‌ಡ್ಯಾಮ್ ಸಿ ವಲಯದಲ್ಲಿವೆ, ಎಡವೋದು ಅಲ್ಲೇ. 2025ರಲ್ಲಿ ಎ-ಬಿ ಒಂದು ಟ್ರಿಪ್‌ಗೆ 3.80 ಯೂರೋ, 24 ಗಂಟೆಯ ಟಿಕೆಟ್‌ಗೆ 10.60. ಅಂದ್ರೆ ದಿನಕ್ಕೆ ಮೂರು ಟ್ರಿಪ್ ಆದರೆ 24 ಗಂಟೆಯದ್ದೇ ಅಗ್ಗ.

ಇನ್ನೊಂದು ವಿಷಯ. ನಮ್ಮ ಮೆಟ್ರೋ ಥರ ಅಲ್ಲಿ ಗೇಟ್ ಇಲ್ಲ, ಸೀದಾ ಪ್ಲಾಟ್‌ಫಾರಂಗೆ ಇಳಿಬಹುದು. ಪೇಪರ್ ಟಿಕೆಟ್ ಆದ್ರೆ ಅಲ್ಲಿರೋ ಚಿಕ್ಕ ಡಬ್ಬಿಗೆ ತೂರಿಸಿ ಮುದ್ರೆ ಒತ್ತಿಸ್ಕೊಳ್ಳಬೇಕು. ಮರೆತರೆ ಟಿಕೆಟ್ ಕೈಯಲ್ಲಿದ್ದೂ ಇಲ್ಲದ ಲೆಕ್ಕ. ಮಾಮೂಲಿ ಬಟ್ಟೆಯಲ್ಲಿ ಬರೋ ಚೆಕಿಂಗ್‌ನವರು ಹಿಡಿದರೆ 60 ಯೂರೋ ದಂಡ. ಒಬ್ಬ ಸೀನಿಯರ್ ಹೀಗೇ ಕಟ್ಟಿ ಬಂದಿದ್ದಾರೆ, ಇವತ್ತಿಗೂ ಆ ಮಾತು ಎತ್ತಿದ್ರೆ ಮುಖ ಸಣ್ಣ ಮಾಡ್ಕೊಳ್ತಾರೆ.

ಈಗ 'ಬರ್ಲಿನ್ ವೆಲ್ಕಮ್ ಕಾರ್ಡ್'. ಹೆಸರು ಕೇಳಿದ್ರೆ ಎಲ್ಲಾ ಕಡೆ ಫ್ರೀ ಎಂಟ್ರಿ ಅನ್ಸುತ್ತೆ. ಮಾಮೂಲಿ ಕಾರ್ಡ್‌ನಲ್ಲಿ ಸಿಗೋದು ಓಡಾಟದ ಟಿಕೆಟ್, ಜೊತೆಗೆ ಪ್ರವೇಶಕ್ಕೆ ಡಿಸ್ಕೌಂಟ್ ಅಷ್ಟೇ. ಹಾಗಾಗಿ ಕಾರ್ಡ್ ಬೆಲೆಯಿಂದ ಓಡಾಟದ ಟಿಕೆಟ್ ಬೆಲೆ ಕಳೀರಿ. ಉಳಿದದ್ದು 6 ಯೂರೋ, ಡಿಸ್ಕೌಂಟ್ 25% ಅಂದ್ಕೊಳ್ಳಿ. 24 ಯೂರೋ ಬೆಲೆಯ ಪ್ರವೇಶ ಟಿಕೆಟ್ ತಗೊಂಡಾಗಲೇ ಹಾಕಿದ ದುಡ್ಡು ವಾಪಸ್, ಲಾಭ ಆಮೇಲಿನ ಮಾತು. ಸ್ಟೂಡೆಂಟ್ ಐಡಿ ತೋರಿಸಿದ್ರೆ ಸರ್ಕಾರಿ ಮ್ಯೂಸಿಯಂಗಳಲ್ಲಿ ಹೇಗೂ ಅರ್ಧ ದರ, ಅಲ್ಲಿಗೆ ಕಾರ್ಡ್ ಯಾಕೆ?

ಇಂಟರ್ನ್‌ಗಳ ಕಥೆ ಇನ್ನೂ ಬೇರೆ. ಬಹಳ ಜನರ ಹತ್ರ ಮೊದಲೇ 'ಡಾಯ್ಚ್‌ಲಾಂಡ್ ಟಿಕೆಟ್' ಇರುತ್ತೆ. 2023ರ ಮೇನಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58, 2026ರಲ್ಲಿ 63 ಆಗಿರೋ ತಿಂಗಳ ಟಿಕೆಟ್ ಇದು. ದೇಶದ ಯಾವ ಊರಿಗೆ ಹೋದ್ರೂ ಸಿಟಿ ಬಸ್, ಮೆಟ್ರೋ, ಟ್ರಾಮ್, ಲೋಕಲ್ ರೈಲಿಗೆ ನಡೆಯುತ್ತೆ, ಬರ್ಲಿನ್‌ನ ಸಿ ವಲಯವೂ ಸೇರಿ. ಐಸಿಇ ಥರದ ಎಕ್ಸ್‌ಪ್ರೆಸ್‌ಗೆ ನಡೆಯಲ್ಲ. ಇದನ್ನ ಜೇಬಲ್ಲಿಟ್ಕೊಂಡು ವೆಲ್ಕಮ್ ಕಾರ್ಡ್ ಕೊಂಡ್ರೆ ಒಂದೇ ಬಸ್ಸಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ನಮ್ಮ ಮಟ್ಟಿಗೆ, ಇಂಟರ್ನ್‌ಗಳಿಗೆ ಆ ಕಾರ್ಡ್ ಬೇಡ.

ಇನ್ನು, ಬರ್ಲಿನ್‌ನಲ್ಲಿ ನೋಡಲೇಬೇಕಾದ ಬಹಳಷ್ಟು ಜಾಗಗಳಿಗೆ ಟಿಕೆಟ್ಟೇ ಇಲ್ಲ! ಬ್ರಾಂಡನ್‌ಬರ್ಗ್ ಗೇಟ್, ಹತ್ಯೆಯಾದ ಯಹೂದಿಗಳ ನೆನಪಿಗೆ ನಿಲ್ಲಿಸಿರೋ 2,711 ಕಾಂಕ್ರೀಟ್ ದಿಮ್ಮಿಗಳು, ಗೋಡೆಯ ಮೇಲೆ ಚಿತ್ರ ಬರೆದಿರೋ ಈಸ್ಟ್ ಸೈಡ್ ಗ್ಯಾಲರಿ, ಬೆರ್ನಾವರ್ ಬೀದಿಯ ಗೋಡೆ ಸ್ಮಾರಕ ಎಲ್ಲವೂ ಉಚಿತ. ಸಂಸತ್ ಭವನದ ಮೇಲೆ ನಾರ್ಮನ್ ಫಾಸ್ಟರ್ ಕಟ್ಟಿದ ಗಾಜಿನ ಗುಮ್ಮಟವೂ ಫ್ರೀ, ಆದರೆ ಮೊದಲೇ ಹೆಸರು ನೋಂದಾಯಿಸಿ, ಪಾಸ್‌ಪೋರ್ಟ್ ಒಯ್ಯಬೇಕು. ಸಿವಿಲ್‌ನವರು ಇದನ್ನ ಬಿಡಬೇಡಿ. ಝೂ ನಿಲ್ದಾಣದಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ಗೆ ಹೋಗೋ 100ನೇ ನಂಬರ್ ಬಸ್‌ನ ಮಹಡಿಯಲ್ಲಿ ಮುಂದಿನ ಸೀಟ್ ಸಿಕ್ಕರೆ, ಮಾಮೂಲಿ ಟಿಕೆಟ್‌ನಲ್ಲೇ ಅರ್ಧ ಊರು ನೋಡಿದ ಹಾಗೆ.

ಹಾಗಂತ ಎಲ್ಲಾ ಪಾಸೂ ದಂಡ ಅಲ್ಲ. ಮ್ಯೂಸಿಯಂ ಹುಚ್ಚಿರೋರಿಗೆ 'ಮ್ಯೂಸಿಯಂ ಪಾಸ್' ಇದೆ. ಸತತ ಮೂರು ದಿನ, 30ಕ್ಕೂ ಹೆಚ್ಚು ಮ್ಯೂಸಿಯಂ, ವಿದ್ಯಾರ್ಥಿಗಳಿಗೆ ಕಡಿಮೆ ದರ. ಓಡಾಟ ಇದರಲ್ಲಿ ಸೇರಿಲ್ಲ, ಆದ್ದರಿಂದ ಡಾಯ್ಚ್‌ಲಾಂಡ್ ಟಿಕೆಟ್ ಇರೋರಿಗೆ ಒಳ್ಳೇ ಜೋಡಿ. ನೆಫರ್ತಿತಿ ರಾಣಿಯ ಶಿಲ್ಪ ಇರೋ ನೊಯೆಸ್ ಮ್ಯೂಸಿಯಂ ಇದರಲ್ಲಿ ಬರುತ್ತೆ. ಪೆರ್ಗಮಾನ್ ಮ್ಯೂಸಿಯಂ ಕಟ್ಟಡ ಮಾತ್ರ ರಿಪೇರಿಗೆ ಅಂತ 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಮುಚ್ಚಿದ್ದಾರೆ, ಹೋಗೋ ಮೊದಲು ತೆರೆದಿದೆಯಾ ಅಂತ ನೋಡ್ಕೊಳ್ಳಿ. ಮತ್ತೆ ಪಾಸನ್ನ ಭಾನುವಾರ ಶುರು ಮಾಡ್ಬೇಡಿ. ಸೋಮವಾರ ಅಲ್ಲಿ ಬಹಳಷ್ಟು ಮ್ಯೂಸಿಯಂಗಳಿಗೆ ರಜಾ, ಪಾಸ್‌ನ ದಿನ ಮಾತ್ರ ಓಡ್ತಾನೇ ಇರುತ್ತೆ.