ಶರಬತ್ತಿನ ಬಾಟಲಿಯ ಮೇಲಿನ ಸಂಖ್ಯೆಗಳು

ಪೇಟೆಯಿಂದ ತಂದ ಶರಬತ್ತಿನ ಬಾಟಲಿಯ ಹಿಂಬದಿಯನ್ನು ಎಂದಾದರೂ ಓದಿದ್ದೀರಾ? ಸಣ್ಣ ಅಕ್ಷರಗಳಲ್ಲಿ 122, 211, 330 ಎಂದೆಲ್ಲ ಇರುತ್ತದೆ. ಇದನ್ನು ಕಂಡು "ಎಲ್ಲ ವಿಷ" ಎಂದು ಬಾಟಲಿಯನ್ನು ಬದಿಗಿಡುವವರಿದ್ದಾರೆ. ನೋಡದೆಯೇ ಕುಡಿಯುವವರು ಅವರಿಗಿಂತ ಹೆಚ್ಚು. ಇವು ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆಗಳು. ಸ್ಥೂಲವಾಗಿ ಹೇಳುವುದಾದರೆ ನೂರರ ಸಾಲಿನವು ಬಣ್ಣಗಳು, ಇನ್ನೂರರ ಸಾಲಿನವು ಕೆಡದಂತೆ ಕಾಯುವವು. 330 ಎಂದರೆ ಸಿಟ್ರಿಕ್ ಆಮ್ಲ. ನಮ್ಮ ಲಿಂಬೆಹಣ್ಣಿನ ಹುಳಿಯೂ ಅದೇ.

ಕಂಪೆನಿಯವರು ಇವನ್ನು ಯಾಕೆ ಹಾಕುತ್ತಾರೆ? ನಾವು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಮಳೆಗಾಲಕ್ಕೆ ಭರಣಿಯಲ್ಲಿ ಇಡುವುದೂ ಕೆಡದಿರಲೆಂದೇ ಅಲ್ಲವೇ? ಆದರೆ ನಮ್ಮ ಭರಣಿ ಅಡುಗೆಮನೆಯ ಮೂಲೆ ಬಿಟ್ಟು ಹೋಗಬೇಕಾಗಿಲ್ಲ. ಅವರ ಬಾಟಲಿ ಲಾರಿಯ ಸೆಕೆಯಲ್ಲಿ ಊರೂರು ಸುತ್ತಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತು, ಮನೆಯಲ್ಲಿ ಮುಚ್ಚಳ ತೆರೆದ ಮೇಲೂ ಬೂಸ್ಟು ಹಿಡಿಯದೆ ಉಳಿಯಬೇಕು.

ಮನೆಯಲ್ಲೇ ಶರಬತ್ತು ಮಾಡಿ ಮಾರುವ ನಮ್ಮ ಮಹಿಳೆಯರು ಒಂದು ವಿಷಯವನ್ನು ತಿಳಿದಿರಬೇಕು. ಮಾವು, ಲಿಂಬೆಯ ಸ್ಕ್ವಾಶಿಗೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅಂದರೆ 224, ಪುನರ್ಪುಳಿಗೆ ಹೊಂದುವುದಿಲ್ಲ. ಹಣ್ಣಿನ ಕೆಂಪು ಬಣ್ಣ ಮಾಸಿಹೋಗುತ್ತದೆ. ಅಲ್ಲದೆ ಅದರಿಂದ ಬಿಡುಗಡೆಯಾಗುವ ಗಂಧಕದ ಅನಿಲ ಉಬ್ಬಸ ಇರುವ ಕೆಲವರಿಗೆ ತೊಂದರೆ ಕೊಡುತ್ತದೆ. ಕೆಂಪು ಹಣ್ಣುಗಳಿಗೆ ಬಳಸುವುದು 211, ಸೋಡಿಯಂ ಬೆಂಜೊಯೇಟ್. ಇದು ಹುಳಿ ಇದ್ದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಪುನರ್ಪುಳಿಗೆ ಹುಳಿಯ ಬರಗಾಲವೇ ಇಲ್ಲ! ಆದರೆ ಉಪ್ಪು ಹಾಕಿದ ಹಾಗೆ ಕೈಯಂದಾಜಿಗೆ ಹಾಕಬೇಡಿ. ಒಂದು ಕಿಲೋ ಶರಬತ್ತಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಸಾಕು. ಸಣ್ಣ ತಕ್ಕಡಿಯಲ್ಲಿ ತೂಗಿ, ಸ್ವಲ್ಪ ನೀರಿನಲ್ಲಿ ಕರಗಿಸಿ ಬೆರೆಸಬೇಕು. ಮಾರುವವರು ಆಹಾರ ಸುರಕ್ಷಾ ಇಲಾಖೆಯಲ್ಲಿ ನೋಂದಾಯಿಸಬೇಕಾಗುತ್ತದೆ. ಸರಿಯಾದ ಮಿತಿಯನ್ನು ಅಲ್ಲೇ ಕೇಳಿಕೊಳ್ಳಿರಿ.

ಬಣ್ಣದ ಕಥೆ ಬೇರೆ. ಅದು ಆಹಾರವನ್ನು ಕಾಯುವುದಿಲ್ಲ, ಗಿರಾಕಿಯನ್ನು ಕರೆಯುತ್ತದೆ, ಅಷ್ಟೆ. ನಮ್ಮ ದೇಶದಲ್ಲಿ ಎಂಟು ಕೃತಕ ಬಣ್ಣಗಳಿಗೆ ಮಾತ್ರ ಅನುಮತಿ ಇದೆ, ಅದೂ ಗೊತ್ತುಪಡಿಸಿದ ತಿನಿಸುಗಳಿಗೆ, ಮಿತಿಯೊಳಗೆ. ಬಟ್ಟೆಗೆ ಬಳಸುವ ರೋಡಮೈನ್-ಬಿ ಆ ಎಂಟರಲ್ಲಿ ಇಲ್ಲ. ಆದರೂ ಅದು ಮಕ್ಕಳ ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ತಮಿಳುನಾಡು ಆ ಮಿಠಾಯಿಯನ್ನೇ ನಿಷೇಧಿಸಿತು. ಮರುತಿಂಗಳು ಕರ್ನಾಟಕ ಸರಕಾರ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿತು. ಹಬ್ಬದ ಸಂತೆಯಲ್ಲಿ ಬಿಡಿಯಾಗಿ ಮಾರುವ ಇಂಥ ತಿನಿಸಿಗೆ ಲೇಬಲೂ ಇಲ್ಲ, ಸಂಖ್ಯೆಯೂ ಇಲ್ಲ. ಕಣ್ಣು ಕುಕ್ಕುವ ಗುಲಾಬಿ ಬಣ್ಣದ್ದನ್ನು ಮಕ್ಕಳಿಗೆ ಕೊಡಿಸದಿರುವುದೇ ಲೇಸು.

ಇನ್ನು ಪೇಟೆಯ ಪುನರ್ಪುಳಿ ಬಾಟಲಿಯಲ್ಲಿ 122 ಎಂದು ಕಂಡರೆ, ಅದು ಕಾರ್ಮೊಯಿಸಿನ್ ಎಂಬ ಕೆಂಪು ಬಣ್ಣ. ನಮ್ಮ ತೋಟದ ಹಣ್ಣಿಗೆ ಅದರ ಅಗತ್ಯವೇ ಇಲ್ಲ.