ನೆಲದೊಳಗಣ ನೀರಿನ ದಾರಿ

ಬೀದರಕ್ಕೆ ಬಂದವರೆಲ್ಲರೂ ಕೋಟೆಯನ್ನು ನೋಡುತ್ತಾರೆ. 1472ರಲ್ಲಿ ಪೂರ್ಣವಾದ ಮಹಮೂದ ಗವಾನನ ಮದರಸೆಯನ್ನು ನೋಡುತ್ತಾರೆ. ಬಿದರಿಯ ಒಂದು ಡಬ್ಬಿಯನ್ನೋ ಹೂದಾನಿಯನ್ನೋ ಕೊಂಡು ಹಿಂದಿರುಗುತ್ತಾರೆ. ಆದರೆ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಬಯಲಿನ ಮೇಲೆ, ಹೊಳೆಯ ಸಮೀಪವಿಲ್ಲದೆ ಕುಳಿತ ಈ ರಾಜಧಾನಿಯು ಯಾವ ನೀರನ್ನು ಕುಡಿದು ಬದುಕಿತೆಂಬ ಪ್ರಶ್ನೆಯು ಬಹು ಜನರಿಗೆ ತೋರುವದಿಲ್ಲ. ಕೊಡವು ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ದಿನವೂ ನೋಡುವ ಗೃಹಿಣಿಯರಿಗೆ ಇದು ಮೊದಲು ಹೊಳೆಯತಕ್ಕ ಪ್ರಶ್ನೆ. ಆದುದರಿಂದ ಈ ನಾಲ್ಕು ಮಾತುಗಳನ್ನು ಅವರ ಮುಂದೆಯೇ ಇಡುತ್ತೇನೆ.

ನಮ್ಮ ನೆಲದ ಮೇಲ್ಪದರವು ಜಂಬಿಟ್ಟಿಗೆ ಕಲ್ಲು. ಅದು ಜೇನುಗೂಡಿನಂತೆ ರಂಧ್ರಮಯವಾದುದು. ಮಳೆಯ ನೀರನ್ನು ಹೀರಿ ಕೆಳಗಿಳಿಸುತ್ತದೆ. ಕೆಳಗೆ ಜೇಡಿಯೂ ಅದರಡಿಯಲ್ಲಿ ಗಟ್ಟಿಯಾದ ಕರಿಕಲ್ಲೂ ಇರುವದರಿಂದ ನೀರು ಅಲ್ಲಿ ತಡೆದು, ಅಡ್ಡಲಾಗಿ ಹರಿದು, ಬಯಲಿನ ಅಂಚಿನಲ್ಲಿ ಒರತೆಯಾಗಿ ಹೊರಬೀಳುವದು. ಗುರುನಾನಕ ಝೀರಾ, ಪಾಪನಾಶ, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ, ಇವೆಲ್ಲವೂ ಹೀಗೆ ಜನಿಸಿದ ತೀರ್ಥಗಳು. ಸಿಖ್ಖರಿಗೂ ಶೈವರಿಗೂ ವೈಷ್ಣವರಿಗೂ ಒಂದೇ ಕಲ್ಲು ನೀರು ಕೊಟ್ಟಿದೆ!

15ನೆಯ ಶತಮಾನದ ಮೊದಲ ಭಾಗದಲ್ಲಿ ಅಹಮದ ಶಾಹನು ಬಹಮನೀ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದನು. ಪಾರಸೀಕ ದೇಶದಿಂದ ಬಂದ ವಿದ್ವಾಂಸರೂ ಶಿಲ್ಪಿಗಳೂ ಆ ಆಸ್ಥಾನದಲ್ಲಿ ಬಹುವಾಗಿ ಇದ್ದರು. ಅವರ ದೇಶದ ವಿದ್ಯೆಯೇ ‘ಕಾರೇಜು’. ನಮ್ಮ ಜನರು ಅದನ್ನು ಸುರಂಗಬಾವಿ ಎಂದರು. (ಸುರಂಗ ಶಬ್ದವೂ ಪರದೇಶಿಯೇ, ಗ್ರೀಕರ ‘ಸೀರಿಂಕ್ಸ್’ ಎಂಬುದರಿಂದ ಸಂಸ್ಕೃತಕ್ಕೆ ಬಂದುದೆಂದು ಪಂಡಿತರ ಮತ. ಮಾತುಗಳೂ ನೀರಿನಂತೆ ಕಾಣದ ದಾರಿಯಲ್ಲಿ ಹರಿಯುವವು.)

ಅದರ ಕ್ರಮ ಹೀಗಿದೆ. ಎತ್ತರದ ಜಾಗದಲ್ಲಿ ನೀರು ಸಿಕ್ಕುವವರೆಗೆ ಒಂದು ತಾಯಿಬಾವಿಯನ್ನು ತೋಡುವದು. ತಗ್ಗಿನ ಊರಿನ ಕಡೆಯಿಂದ ಆ ಬಾವಿಯ ತಳದ ಕಡೆಗೆ ಸುರಂಗವನ್ನು ಅಗೆಯುವದು. ನಡುನಡುವೆ ನೆಲದಿಂದ ನೇರವಾಗಿ ಬಾವಿಗಳನ್ನು ಇಳಿಸುವದು. ಅಗೆದ ಮಣ್ಣನ್ನು ಮೇಲೆತ್ತಲು, ಒಳಗಿನವರಿಗೆ ಗಾಳಿ ಬೆಳಕು ಸಿಗಲು, ಮುಂದೆ ಹೂಳು ತೆಗೆಯಲು ಇವೇ ದಾರಿಗಳು. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನು ಕೊರೆಯುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ದೀಪದ ಬೆಳಕಿನಲ್ಲಿ ಕುಳಿತು ಆ ಅಳತೆಯನ್ನು ಸಾಧಿಸಿದವರ ಹೆಸರು ಯಾವ ಶಾಸನದಲ್ಲಿಯೂ ಕಾಣುವದಿಲ್ಲ. ಬೀದರದ ನೌಬಾದಿನಲ್ಲಿಯ ಕಾರೇಜು 2 ಕಿಲೋಮೀಟರಿಗಿಂತ ಉದ್ದವಾದುದು. ಅದಕ್ಕೆ 21 ಗಾಳಿಬಾವಿಗಳೆಂದು ಎಣಿಕೆ. ಶುಕ್ಲತೀರ್ಥ ಮತ್ತು ಜಮುನಾಮೋರಿ ಎಂಬ ಇನ್ನೆರಡು ಇವೆ.

ಇಂಥ ಅಗೆತವು ಅರಸರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ನಮ್ಮ ನಾಡಿನ ಇನ್ನೊಂದು ತುದಿಯಾದ ದಕ್ಷಿಣ ಕನ್ನಡದ ಅಡ್ಯನಡ್ಕದಲ್ಲಿ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು, ಒಬ್ಬರೇ ಗುಡ್ಡದಲ್ಲಿ ಸುರಂಗ ತೋಡಿದರು. ಐದು ವ್ಯರ್ಥವಾದವು, ಆರನೆಯದರಲ್ಲಿ ನೀರು ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದುದನ್ನು ವಾಚಕರು ಬಲ್ಲರು.

ಇತ್ತ ನೌಬಾದಿನ ಕಾರೇಜಿಗೆ ದುರ್ದಿನಗಳು ಬಂದವು. ನಲ್ಲಿ ಬಂದ ಮೇಲೆ ಬಾವಿಯನ್ನು ಕೇಳುವವರಾರು? ಗಾಳಿಬಾವಿಗಳ ಬಾಯಿಗೆ ಕಸ ಬಿತ್ತು, ಮಣ್ಣು ಕುಸಿಯಿತು. ಕೆಲವುಗಳ ಗುರುತೇ ಅಳಿಯಿತು. ಕೇರಳದ ಚಿತ್ತೂರು ಸರಕಾರೀ ಕಾಲೇಜಿನ ಭೂಗೋಳದ ಅಧ್ಯಾಪಕ ಶ್ರೀ ಗೋವಿಂದನ್‌ಕುಟ್ಟಿಯವರು ಸುರಂಗದೊಳಗೆ ತೆವಳಿ ಅದರ ನಕ್ಷೆಯನ್ನು ಬರೆದರು. 2015-16ರಲ್ಲಿ ಜಿಲ್ಲಾಧಿಕಾರಿಗಳಾಗಿದ್ದ ಶ್ರೀ ಅನುರಾಗ ತಿವಾರಿಯವರ ಕಾಲದಲ್ಲಿ ಹೂಳೆತ್ತುವ ಕೆಲಸವು ನಡೆಯಿತು. ಊರಿನ ತರುಣರೂ ಕೈಗೂಡಿಸಿದರು. ಜಿಲ್ಲೆಯ ಅನೇಕ ಕೆರೆಗಳೂ ತೆರೆದ ಬಾವಿಗಳೂ ಆಗಲೇ ಹೂಳು ಕಳೆದುಕೊಂಡವು. ಅದು ಎಂಥ ಬೇಸಿಗೆಯೆಂದರೆ, 2016ರ ಎಪ್ರಿಲಿನಲ್ಲಿ ನೆರೆಯ ಲಾತೂರಿಗೆ ಮೀರಜದಿಂದ ರೈಲುಗಾಡಿಯಲ್ಲಿ ನೀರು ತರಬೇಕಾಯಿತು. ನಮ್ಮ ಮಾಂಜ್ರಾ ನದಿಯೇ ಲಾತೂರಿನ ನದಿಯೂ ಆಗಿದೆ. ತಿವಾರಿಯವರು ಮರುವರ್ಷವೇ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು.

ಸುರಂಗದ ಹೂಳನ್ನು ಸರಕಾರವು ತೆಗೆಯಿಸಬಲ್ಲುದು. ಆದರೆ ಸುರಂಗಕ್ಕೆ ನೀರು ಬರುವದು ಮೇಲಿನ ನೆಲದಿಂದ. ಆ ನೆಲ ನೂರಾರು ಜನರದು. ಅಲ್ಲಿ ಮನೆಗಳೂ ಅಂಗಳದ ಕಾಂಕ್ರೀಟೂ ಬಂದರೆ ಮಳೆಯು ಇಳಿಯಲಾರದು. ಕೊಳವೆಬಾವಿಗಳು ಬಂದರೆ ಇಳಿದುದೂ ಉಳಿಯಲಾರದು. ಪಾರಸೀಕ ದೇಶದಲ್ಲಿ ಈ ಸೂಕ್ಷ್ಮವನ್ನು ಅರಿತು, ಕಾರೇಜಿನ ಇಕ್ಕೆಲದ ನೆಲಕ್ಕೆ ‘ಹರೀಮ್’ ಎಂಬ ಮೇರೆಯನ್ನು ಹಾಕಿದ್ದರು. ಅದರೊಳಗೆ ಬೇರೆ ಬಾವಿಯನ್ನು ತೋಡಕೂಡದು. ನಮ್ಮ ರಾಜ್ಯದಲ್ಲಿಯೂ 2011ರ ಅಂತರ್ಜಲ ಕಾಯಿದೆಯು ಘೋಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿಯನ್ನು ಕೊರೆಯಬಾರದೆನ್ನುತ್ತದೆ. ಆದರೆ ರಾತ್ರಿಯ ಹೊತ್ತು ಬರುವ ಕೊರೆಯುವ ಯಂತ್ರವನ್ನು ತಡೆಯತಕ್ಕವರು ಕಚೇರಿಯವರಿಗಿಂತ ಮೊದಲು ನೆರೆಮನೆಯವರು.

ಇದನ್ನು ಬರೆಯುವ ಅಧಿಕಾರ ನನಗಿದೆಯೇ ಎಂಬ ಸಂದೇಹ ಬಹಳ ದಿನ ನನ್ನನ್ನು ತಡೆಯಿತು. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ, ದೇಹದಲ್ಲಿ ನೆತ್ತರಿನ ನಾಳಗಳಿರುವಂತೆ ಭೂಮಿಯಲ್ಲಿ ಜಲಸಿರೆಗಳಿವೆಯೆಂದು ವರ್ಣಿಸಿದ್ದಾನೆ. ಅದನ್ನು ಓದಿದವನು ನಾನು. ಬಾವಿ ಕೆರೆಗಳ ನಿರ್ಮಾಣವೇ ‘ಪೂರ್ತ’ವೆಂದು, ‘ಇಷ್ಟಾಪೂರ್ತ’ ಎಂಬ ಸಮಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಿದವನೂ ನಾನೇ. ಹಾಗೆ ಹೇಳುತ್ತಿದ್ದ ದಿನಗಳಲ್ಲಿಯೇ, ಸುಮಾರು ಹದಿನೈದು ವರ್ಷಗಳ ಹಿಂದೆ, ಬಗದಲದ ನನ್ನ ಹಿತ್ತಿಲಲ್ಲಿ ಕೊಳವೆಬಾವಿಯನ್ನು ಹಾಕಿಸಿದೆನು. ಮೂರನೆಯ ಬೇಸಿಗೆಗೆ ಗೋಡೆಯಾಚೆಯ ವಿಧವೆಯ ಮನೆಯ ಹಳೆಯ ಬಾವಿ ಬತ್ತಿತು. ನನ್ನ ಕೊಳವೆಯೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಆಕೆ ಒಂದು ಮಾತನ್ನೂ ಆಡಲಿಲ್ಲ. ಕೊಡ ಹಿಡಿದುಕೊಂಡು ನಮ್ಮ ನಲ್ಲಿಗೆ ಬಂದಳು. ಆ ಮೌನವು ನನಗೆ ಬೈಗಳಿಗಿಂತ ಭಾರವಾಯಿತು.

ನಿವೃತ್ತನಾದ ಮೇಲೆ ನಮ್ಮ ಮಾಳಿಗೆಯ ಮಳೆನೀರನ್ನು, ಉಸುಕು ಇದ್ದಿಲುಗಳ ಗುಂಡಿಯಲ್ಲಿ ಸೋಸಿ, ಆಕೆಯ ಬಾವಿಗೆ ಬಿಡುವಂತೆ ಕೊಳವೆ ಹಾಕಿಸಿದ್ದೇನೆ. ಮೊದಲ ವರುಷ ಸಂಕ್ರಾಂತಿಯವರೆಗೆ ನೀರು ನಿಂತಿತು. ಕಳೆದ ಸಲ ಹೋಳಿಹುಣ್ಣಿಮೆಯವರೆಗೆ. ಯುಗಾದಿಯ ಹೊತ್ತಿಗೆ ತಳ ಕಂಡಿತು, ಆಕೆ ಮತ್ತೆ ಕೊಡ ಹಿಡಿದು ನಮ್ಮಲ್ಲಿಗೆ ಬಂದಳು.